ಬಾವಿಯ ಮಟ್ಟಕ್ಕೂ ಪತ್ರಿಕೆಯಲ್ಲಿ ಅರ್ಧ ಕಾಲಂ ಕೊಡಿ

ಮಾನ್ಯ ಸಂಪಾದಕರಿಗೆ,

ಫೆಬ್ರವರಿ ದಾಟಿದೊಡನೆ ಕಾಸರಗೋಡಿನ ಸುದ್ದಿಪುಟಗಳಲ್ಲಿ ಬತ್ತಿದ ಹೊಳೆ, ತಳ ಕಂಡ ಬಾವಿ, ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತವರ ಸಾಲು ಕಾಣತೊಡಗುತ್ತವೆ. ಆ ಚಿತ್ರಗಳು ಬರಲೇಬೇಕು. ಆದರೆ ಒಂದು ಲೆಕ್ಕ ಮಾತ್ರ ಎಲ್ಲಿಯೂ ಸಿಗುವುದಿಲ್ಲ. ಬದಿಯಡ್ಕದ ಕಡೆಯ ಬಾವಿಗಳಲ್ಲಿ ಈ ವಾರ ನೀರು ಎಷ್ಟು ಇಳಿಯಿತು, ಪೈವಳಿಕೆಯಲ್ಲಿ ಎಷ್ಟು, ಹೊಯಿಗೆ ಮಣ್ಣಿನ ಕುಂಬಳೆ ಕಡಲ ಬದಿಯಲ್ಲಿ ಎಷ್ಟು, ಹೋದ ವರ್ಷ ಇದೇ ವಾರ ಎಷ್ಟಿತ್ತು? ವರ್ಷಕ್ಕೆ ಹತ್ತಿರಹತ್ತಿರ 3500 ಮಿ.ಮೀ. ಮಳೆ ಸುರಿಯುವ ಜಿಲ್ಲೆಯಿದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಿದ್ದು, ಮುರಕಲ್ಲಿನ ಸಂದುಗಳಲ್ಲಿ ಇಳಿದು, ಗುಡ್ಡದ ಇಳಿಜಾರಿನಲ್ಲಿ ಹೊಳೆ ಸೇರಿ ಹೋಗುತ್ತದೆ. ಉಳಿದದ್ದರಲ್ಲಿ ಮೇ ಕೊನೆಯ ಪತ್ತನಾಜೆಯವರೆಗೂ ಕಾಲ ಕಳೆಯಬೇಕಾದ ಊರಿನವರಿಗೆ ಆ ಉಳಿಕೆಯ ಲೆಕ್ಕ ಬೇಡವೇ?

ಇದೇ ತಿಂಗಳುಗಳಲ್ಲಿ ಮನೆಮನೆಗಳಲ್ಲಿ ಇನ್ನೊಂದು ಕೆಲಸವೂ ನಡೆಯುತ್ತಿದೆ, ಅದು ಸುದ್ದಿಯಾಗುವುದಿಲ್ಲ. ಶಾಲೆಗೆ ರಜೆ, ಅಡಿಕೆ ಕೊಯ್ಲು ಮುಗಿದ ಬಿಡುವು, ಮಧ್ಯಾಹ್ನ ಹೊರಗೆ ಕಾಲಿಡಲಾಗದ ಸೆಕೆ. ತಾಂತ್ರಿಕ ಕೆಲಸದಲ್ಲಿ ಕೈಯಿರುವವರು ಜಗಲಿಯ ಮೇಜಿನಲ್ಲಿ ಸೋಲ್ಡರಿಂಗ್ ಐರನ್ ಬಿಸಿಮಾಡಿಕೊಂಡು ಪಂಪಿಗೊಂದು ಟೈಮರ್, ಟ್ಯಾಂಕಿಗೊಂದು ಮಟ್ಟ ತೋರಿಸುವ ದೀಪ, ತೋಟಕ್ಕೆ ಫೋನಿನಲ್ಲೇ ತೆರೆಯುವ ವಾಲ್ವು ಮಾಡುತ್ತಿರುತ್ತಾರೆ. ಹೈಸ್ಕೂಲಿನ ಲಿಟಲ್ ಕೈಟ್ಸ್ ಎಂಬ ಐಟಿ ಕೂಟಗಳಲ್ಲಿ ಆರ್ಡುಯಿನೊ ಎಂಬ, ಪ್ರೋಗ್ರಾಂ ಬರೆದು ಓಡಿಸುವ ಪುಟ್ಟ ಬೋರ್ಡು ಹಿಡಿದು ಕಲಿತ ಮಕ್ಕಳೂ ರಜೆಯಲ್ಲಿ ಅವರ ಜೊತೆ ಕೂರುತ್ತಾರೆ. ಬೇಸಿಗೆಗೆ ಇದಕ್ಕಿಂತ ಒಳ್ಳೆಯ ಹವ್ಯಾಸ ಬೇರೊಂದಿಲ್ಲ. ಆದರೆ ಹೆಚ್ಚಿನವರು ಸ್ವಿಚ್ಚಿನಿಂದ ಶುರುಮಾಡುತ್ತಾರೆ. ಶುರುವಾಗಬೇಕಾದ್ದು ಅಳತೆಯಿಂದ. ನೀರು ಎಷ್ಟಿದೆಯೆಂದು ಗೊತ್ತಿಲ್ಲದ ಮನೆಯಲ್ಲಿ ಪಂಪನ್ನು ತಾನಾಗಿ ಓಡುವಂತೆ ಮಾಡಿದರೆ ಬಾವಿ ಇನ್ನೂ ಬೇಗ ಖಾಲಿಯಾಗುತ್ತದೆ, ಅಷ್ಟೆ.

ಅಳತೆಗೆ ಮೊದಲು ಬೇಕಾದದ್ದು ಒಂದು ಅಳತೆ ಟೇಪು ಮತ್ತು ತುದಿಗೆ ಕಟ್ಟುವ ಕಬ್ಬಿಣದ ತುಂಡು. ಬಾವಿಕಟ್ಟೆಯ ಒಂದೇ ಕಡೆ ಪೈಂಟಿನಿಂದ ಗುರುತು ಹಾಕಿ, ಪ್ರತಿ ಸಲ ಆ ಗುರುತಿನಿಂದಲೇ ಟೇಪು ಇಳಿಸಬೇಕು. ಕಟ್ಟೆಯ ಎತ್ತರ ಎಲ್ಲ ಕಡೆ ಸಮ ಇರುವುದಿಲ್ಲವಾದ್ದರಿಂದ ಗುರುತಿಲ್ಲದೆ ಅಳೆದರೆ ಮೂರು ನಾಲ್ಕು ಸೆಂಟಿಮೀಟರ್ ಸುಮ್ಮನೆ ವ್ಯತ್ಯಾಸ ಬರುತ್ತದೆ. ಅಳೆಯುವ ಹೊತ್ತು ಬೆಳಿಗ್ಗೆ, ಪಂಪು ಹಾಕುವ ಮೊದಲು. ರಾತ್ರಿಯೆಲ್ಲ ಒರತೆ ತುಂಬಿ ನೀರು ನಿಂತ ಮಟ್ಟ ಅದು. ಸಂಜೆ ಅಳೆದರೆ ಅಂದು ನೀವು ಎಷ್ಟು ಎತ್ತಿದಿರಿ ಎಂಬುದೇ ಕಾಣುತ್ತದೆ, ಬಾವಿಯ ಸ್ಥಿತಿ ಕಾಣುವುದಿಲ್ಲ.

ಸೆಂಟಿಮೀಟರನ್ನು ಲೀಟರಿಗೆ ತಿರುಗಿಸಲು ಬಾವಿಯ ಅಗಲ ಸಾಕು. 3 ಮೀಟರ್ ಅಗಲದ ದುಂಡು ಬಾವಿಯಲ್ಲಿ ನೀರಿನ ಮೇಲ್ಮೈ ಸುಮಾರು 7 ಚದರ ಮೀಟರ್, ಅಂದರೆ ಒಂದು ಸೆಂಟಿಮೀಟರ್ ನೀರೆಂದರೆ 70 ಲೀಟರ್. ಅಗಲ ಎರಡೂವರೆ ಮೀಟರ್ ಆದರೆ 49 ಲೀಟರ್. ಇದನ್ನು ಬಾವಿಕಟ್ಟೆಯಲ್ಲೇ ಬರೆದಿಟ್ಟರೆ ಮನೆಯವರೆಲ್ಲರಿಗೂ ಗೊತ್ತಿರುತ್ತದೆ. ಒರತೆಯನ್ನೂ ಹೀಗೆಯೇ ಅಳೆಯಬಹುದು. ಪಂಪು ಹಾಕಿ ಮಟ್ಟವನ್ನು ಒಂದಷ್ಟು ಇಳಿಸಿ, ನಿಲ್ಲಿಸಿ, ಹತ್ತು ಹತ್ತು ನಿಮಿಷಕ್ಕೆ ಟೇಪು ಬಿಡುತ್ತಾ ಹೋಗಿ. ಅದೇ 3 ಮೀಟರ್ ಬಾವಿ ಗಂಟೆಗೆ 12 ಸೆಂ.ಮೀ. ಏರಿದರೆ ಒರತೆ ಗಂಟೆಗೆ 840 ಲೀಟರ್. ಮಟ್ಟ ಹಳೆಯ ಎತ್ತರಕ್ಕೆ ಹತ್ತಿರವಾದಂತೆ ಒರತೆಯ ವೇಗ ಕುಗ್ಗುತ್ತದೆ. ಹಾಗಾಗಿ ತಿಂಗಳಿಂದ ತಿಂಗಳಿಗೆ ಹೋಲಿಸುವುದಾದರೆ ನಿಂತ ಮಟ್ಟದಿಂದ ಪ್ರತಿ ಸಲವೂ ಒಂದೇ ಅಳತೆಯಷ್ಟು ಕೆಳಗೆ ಇಳಿಸಿ ನೋಡಬೇಕು. ಮಾರ್ಚಿನಲ್ಲಿ ಒಂದು, ಎಪ್ರಿಲಿನಲ್ಲಿ ಒಂದು ಪರೀಕ್ಷೆ ಮಾಡಿದವರಿಗೆ ಮೇ ತಿಂಗಳಲ್ಲಿ ತೋಟಕ್ಕೆ ಎಷ್ಟು ಹೊತ್ತು ಬಿಡಬಹುದೆಂದು ಯಾರನ್ನೂ ಕೇಳಬೇಕಾಗಿಲ್ಲ.

ಸುರಂಗದ ನೀರು ಇನ್ನೂ ಸುಲಭ. ಒಂದು ಬಕೆಟು, ಒಂದು ಗಡಿಯಾರ. ಬಾಯಾರು, ಶೇಣಿ, ಎಣ್ಮಕಜೆಯ ಕಡೆ ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದ ಸುರಂಗಗಳಲ್ಲಿ ಎಪ್ರಿಲ್ ಹೊತ್ತಿಗೆ ಹರಿವು ನೂಲಿನಷ್ಟಾಗುತ್ತದೆ, 'ಇನ್ನು ಇದರಲ್ಲಿ ಏನೂ ಇಲ್ಲ' ಎಂದು ಜನ ಕೊಳವೆಬಾವಿಯ ಕಡೆ ನೋಡುತ್ತಾರೆ. ಲೆಕ್ಕ ಮಾಡೋಣ. 15 ಲೀಟರಿನ ಬಕೆಟು ತುಂಬಲು ಐದು ನಿಮಿಷ ಬೇಕಾಯಿತೆನ್ನಿ. ಅದು ನಿಮಿಷಕ್ಕೆ 3 ಲೀಟರ್, ಗಂಟೆಗೆ 180, ಹಗಲು ರಾತ್ರಿ ಸೇರಿ 4320 ಲೀಟರ್. ಅಡಿಕೆಗೆ ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಎಂಬುದು ಕಾಸರಗೋಡಿನಲ್ಲೇ ಇರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. 200 ಮರಕ್ಕೆ 3200ರಿಂದ 4000 ಲೀಟರ್. ಆ ನೂಲಿನಷ್ಟು ನೀರು 200 ಮರದ ತೋಟಕ್ಕೆ ಸಾಕು! ಸಾಕಾಗದಿರುವುದು ರಾತ್ರಿಯ ಹರಿವನ್ನು ಹಿಡಿದಿಡುವ ಜಾಗ. 5000 ಲೀಟರಿನ ತೊಟ್ಟಿಯೊಂದು ಸುರಂಗದ ಬಾಯಿಯಲ್ಲಿದ್ದರೆ, ಲಕ್ಷ ಲಕ್ಷ ಸುರಿದು ಕೊರೆಯುವ ಮೊದಲು ಇನ್ನೊಮ್ಮೆ ಯೋಚಿಸಬಹುದು. ಅದೇ ಮರದ ಬುಡಕ್ಕೆ ನಾಲ್ಕು ದಿನಕ್ಕೊಮ್ಮೆ 175 ಲೀಟರ್ ಬಿಡುವ ಹಳೆಯ ಪದ್ಧತಿಯಾದರೆ ದಿನಕ್ಕೆ ಮರವೊಂದಕ್ಕೆ 44 ಲೀಟರಿನಷ್ಟಾಗುತ್ತದೆ, ಆಗ ಸುರಂಗ ಸಾಲುವುದಿಲ್ಲ ನಿಜ.

ಮಳೆಮಾಪಕವನ್ನೂ ಈಗಲೇ ಮಾಡಿಟ್ಟುಕೊಳ್ಳಬೇಕು, ಜೂನಿನಲ್ಲಿ ಪುರುಸೊತ್ತು ಇರುವುದಿಲ್ಲ. ಬಾಯಿ 11.3 ಸೆಂ.ಮೀ. ಅಗಲದ ಆಲಿಕೆ ತೆಗೆದುಕೊಂಡರೆ ಅದರ ಬಾಯಿಯ ವಿಸ್ತಾರ 100 ಚದರ ಸೆಂ.ಮೀ., ಕೆಳಗಿನ ಕ್ಯಾನಿನಲ್ಲಿ ಸೇರಿದ ಪ್ರತಿ 10 ಮಿ.ಲೀ. ನೀರು 1 ಮಿ.ಮೀ. ಮಳೆ. ನಮ್ಮಲ್ಲಿ ಒಂದೇ ದಿನ 200 ಮಿ.ಮೀ. ಬೀಳುವುದೂ ಉಂಟು, ಅದು 2 ಲೀಟರ್. ಆದ್ದರಿಂದ 5 ಲೀಟರಿನ ಕ್ಯಾನೇ ಇರಲಿ. ಗೋಡೆ, ಮರಗಳಿಂದ ಅವುಗಳ ಎತ್ತರದ ಇಮ್ಮಡಿ ದೂರದಲ್ಲಿ ಇಟ್ಟು, ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ 8.30ಕ್ಕೆ ಓದಿದರೆ ಇಲಾಖೆಯ ಅಂಕೆಯೊಂದಿಗೆ ಹೋಲಿಸಲು ಬರುತ್ತದೆ.

ಇನ್ನು ಯಂತ್ರದ ವಿಷಯ. ಟ್ಯಾಂಕಿಯ ಮಟ್ಟಕ್ಕೆ ಎಲ್ಲರೂ ಮೊದಲು ತರಿಸುವುದು ಎಚ್‌ಸಿ-ಎಸ್‌ಆರ್04 ಎಂಬ ಶಬ್ದದಲೆಯ ಸೆನ್ಸರು. ಮೇಜಿನ ಮೇಲೆ ಚೆನ್ನಾಗಿಯೇ ಓಡುತ್ತದೆ. ಟ್ಯಾಂಕಿಯ ಮುಚ್ಚಳದಡಿ ಇಟ್ಟರೆ ರಾತ್ರಿ ಕಟ್ಟುವ ನೀರಹನಿಗೆ ಅದರ ಜಾಲರಿಯೂ ಕಾಲುಗಳೂ ಹಸಿರುಗಟ್ಟಿ, ಒಂದು ಮಳೆಗಾಲವನ್ನೂ ದಾಟುವುದಿಲ್ಲ. ನೀರು ಹೊಗದ ತಲೆಯಿರುವ ಜೆಎಸ್‌ಎನ್-ಎಸ್‌ಆರ್04ಟಿ ಬಾಳುತ್ತದೆ. ಆದರೆ 20-25 ಸೆಂ.ಮೀ.ಗಿಂತ ಹತ್ತಿರ ಬಂದ ನೀರು ಅದಕ್ಕೆ ಕಾಣುವುದಿಲ್ಲ. ಟ್ಯಾಂಕಿ ತುಂಬುವ ಹೊತ್ತಿಗೇ ಅಂಕೆ ಹುಚ್ಚುಹುಚ್ಚಾಗಿ ಬರುತ್ತದೆ ಎಂಬ ದೂರಿಗೆಲ್ಲ ಕಾರಣ ಇದು. ತುಂಬಿದ ಮಟ್ಟಕ್ಕಿಂತ ಕನಿಷ್ಠ 25 ಸೆಂ.ಮೀ. ಮೇಲೆ ಬರುವಂತೆ ಮುಚ್ಚಳದ ಮೇಲೆ ಚಿಕ್ಕ ಸ್ಟ್ಯಾಂಡು ಮಾಡಿ ಕೂರಿಸಬೇಕು. ನೀರು ಬೀಳುವ ಪೈಪು, ಟ್ಯಾಂಕಿಯ ಗೋಡೆ ಎದುರಿಗೆ ಬಾರದಂತೆ ನೋಡಬೇಕು. ಒಂದೇ ಓದನ್ನು ನಂಬಬಾರದು. ಏಳು ಓದು ತೆಗೆದು ಕ್ರಮವಾಗಿ ಜೋಡಿಸಿ ನಡುವಿನದನ್ನು ಇಟ್ಟುಕೊಂಡರೆ ಸುಳ್ಳು ಅಂಕೆಗಳು ತಾವಾಗಿ ಬಿದ್ದುಹೋಗುತ್ತವೆ. ಸೆನ್ಸರಿನ 5 ವೋಲ್ಟಿನ ಉತ್ತರವನ್ನು ನೇರವಾಗಿ ಇಎಸ್‌ಪಿ32 ಎಂಬ ವೈಫೈ ಇರುವ ನಿಯಂತ್ರಕ ಬೋರ್ಡಿನ ಕಾಲಿಗೆ ಕೊಡಬೇಡಿ, ಆ ಚಿಪ್ಪು ತಾಳುವುದು 3.3 ವೋಲ್ಟು. ಸೆನ್ಸರಿನಿಂದ 1 ಕಿಲೊಓಮ್, ಅಲ್ಲಿಂದ ನೆಗೆಟಿವ್‌ಗೆ 2 ಕಿಲೊಓಮ್ ಹಾಕಿ ನಡುವಿನಿಂದ ತೆಗೆದರೆ ಸರಿಯಾಗುತ್ತದೆ.

ಮಧ್ಯಾಹ್ನ ಟ್ಯಾಂಕಿಯಲ್ಲಿ ನೀರು ಹೆಚ್ಚಾದಂತೆಯೂ ರಾತ್ರಿ ಇಳಿದಂತೆಯೂ ಕಂಡರೆ ಸೋರಿಕೆ ಹುಡುಕುವ ಮೊದಲು ಸೆಕೆಯನ್ನು ನೆನಪಿಸಿಕೊಳ್ಳಬೇಕು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶಬ್ದದ ವೇಗ ಸೆಕೆಂಡಿಗೆ 0.6 ಮೀಟರಿನಷ್ಟು ಏರುತ್ತದೆ. ಕಪ್ಪು ಟ್ಯಾಂಕಿಯೊಳಗಿನ ಗಾಳಿ 25 ಡಿಗ್ರಿಯಿಂದ 45ಕ್ಕೆ ಏರಿದರೆ ವ್ಯತ್ಯಾಸ ನೂರಕ್ಕೆ ಮೂರೂವರೆ. ಒಂದು ಮೀಟರ್ ಖಾಲಿ ಜಾಗದಲ್ಲಿ ಮೂರೂವರೆ ಸೆಂಟಿಮೀಟರ್. ಟ್ಯಾಂಕಿಯೊಳಗೆ ಡಿಎಸ್18ಬಿ20 ಉಷ್ಣ ಸೆನ್ಸರು ತೂಗುಹಾಕಿ ಲೆಕ್ಕದಲ್ಲೇ ಸರಿಮಾಡಬಹುದು. ಇಷ್ಟೆಲ್ಲ ಬೇಡವೆನ್ನುವವರಿಗೆ ಫ್ಲೋಟ್ ಸ್ವಿಚ್ಚು ಇದೆ. ಪಂಪು ನಿಲ್ಲಿಸುವುದಷ್ಟೇ ಉದ್ದೇಶವಾದರೆ ಅದನ್ನು ಮೀರಿಸುವ ವಸ್ತು ಇನ್ನೂ ಬಂದಿಲ್ಲ. ನೀರಿನಲ್ಲಿ ತಂತಿ ಇಳಿಬಿಟ್ಟು ಟ್ರಾನ್ಸಿಸ್ಟರಿನಿಂದ ದೀಪ ಹೊತ್ತಿಸುವ ಹಳೆಯ ಸರ್ಕ್ಯೂಟು ಈಗಲೂ ಶಾಲೆಗಳಲ್ಲಿ ನಡೆಯುತ್ತದೆ. ಕಲಿಯಲು ಒಳ್ಳೆಯದು, ಟ್ಯಾಂಕಿಯಲ್ಲಿಡಲು ಅಲ್ಲ. ಒಂದೇ ದಿಕ್ಕಿನ ಕರೆಂಟು ಸದಾ ಹರಿಯುವುದರಿಂದ ಪಾಸಿಟಿವ್ ತಂತಿ ಕರಗಿ ನೀರಿಗೇ ಸೇರುತ್ತದೆ. ಮಾಡಲೇಬೇಕೆಂದರೆ ಸ್ಟೇನ್‌ಲೆಸ್ ಕಡ್ಡಿ ಬಳಸಿ, ಓದುವ ಕ್ಷಣಕ್ಕಷ್ಟೇ ಕರೆಂಟು ಕೊಟ್ಟು ತೆಗೆಯಬೇಕು.

ಬಾವಿಗೆ ಶಬ್ದದಲೆಯ ಸೆನ್ಸರು ಹೊಂದುವುದಿಲ್ಲ. ಆಳ ಹೆಚ್ಚು, ಗೋಡೆಯ ಕಲ್ಲು, ಪೈಪು, ಹಗ್ಗ ಎಲ್ಲದರಿಂದಲೂ ಪ್ರತಿಧ್ವನಿ ಬರುತ್ತದೆ. ಇಲ್ಲಿಗೆ ಬೇಕಾದ್ದು ನೀರಿನೊಳಗೆ ಇಳಿಬಿಡುವ ಒತ್ತಡದ ಸೆನ್ಸರು, 4-20 ಮಿಲಿಆಂಪಿಯರ್ ಹೊರಡಿಸುವ ಮಾದರಿ. 24 ವೋಲ್ಟು ಕೊಟ್ಟು, ಸಾಲಿನಲ್ಲಿ 150 ಓಮ್ ರೆಸಿಸ್ಟರ್ ಹಾಕಿದರೆ 0.6ರಿಂದ 3 ವೋಲ್ಟು ಸಿಗುತ್ತದೆ. 0-5 ಮೀಟರಿನ ಸೆನ್ಸರಾದರೆ ಪ್ರತಿ ಸೆಂಟಿಮೀಟರಿಗೆ ಸುಮಾರು 5 ಮಿಲಿವೋಲ್ಟು. ಇಎಸ್‌ಪಿ32ರೊಳಗಿನ ವೋಲ್ಟು ಓದುವ ಭಾಗ ಎರಡು ತುದಿಗಳಲ್ಲಿ ಸೊಟ್ಟಗಿರುವುದರಿಂದ ಎಡಿಎಸ್1115 ಎಂಬ ಚಿಕ್ಕ ಬೋರ್ಡನ್ನು ಸೇರಿಸುವುದು ಒಳಿತು. ಈ ಸೆನ್ಸರಿನ ಕೇಬಲಿನೊಳಗೆ ಸಣ್ಣದೊಂದು ಗಾಳಿಕೊಳವೆ ಇರುತ್ತದೆ. ಜೋಡಿಸುವಾಗ ಅದನ್ನು ತಂತಿಯ ಜೊತೆ ಟೇಪು ಸುತ್ತಿ ಮುಚ್ಚಿಬಿಡುವವರೇ ಹೆಚ್ಚು. ಮುಚ್ಚಿದರೆ ವಾಯುಭಾರದ ಏರಿಳಿತವೆಲ್ಲ ನೀರಿನ ಏರಿಳಿತವಾಗಿ ಕಾಣುತ್ತದೆ. ಒಂದು ಮಿಲಿಬಾರ್ ಸರಿಸುಮಾರು ಒಂದು ಸೆಂಟಿಮೀಟರಿಗೆ ಸಮ, ನಮ್ಮ ಸೀಮೆಯಲ್ಲಿ ವಾಯುಭಾರ ದಿನಕ್ಕೆರಡು ಸಲ, ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ, ಏರುತ್ತದೆ. ಪಂಪು ಹಾಕದ ದಿನವೂ ಗ್ರಾಫಿನಲ್ಲಿ ಎರಡು ಉಬ್ಬು ಕಂಡರೆ ಒರತೆಯಲ್ಲ, ಕೊಳವೆ ಮುಚ್ಚಿದೆ ಎಂದು ತಿಳಿಯಬೇಕು. ಆ ತುದಿ ತೆರೆದಿರಲಿ, ಆದರೆ ಒಳಗೆ ತೇವ ಸೇರದಂತೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಅತಿ ಹೆಚ್ಚು ಹಾಳಾಗುವುದು ಪಂಪು ಓಡಿಸುವ ಭಾಗ. 1 ಎಚ್‌ಪಿ ಪಂಪು ಓಡುವಾಗ ಐದಾರು ಆಂಪಿಯರ್ ಎಳೆದರೂ ಎದ್ದೇಳುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಬೋರ್ಡಿನ ಆಜ್ಞೆಯಂತೆ ಸ್ವಿಚ್ಚು ಹಾಕುವ ನೀಲಿ ಬಣ್ಣದ ಪುಟ್ಟ ರಿಲೇಯ ಮೇಲೆ '10 ಆಂಪಿಯರ್' ಎಂದು ಬರೆದಿರುವುದು ಬಲ್ಬು, ಹೀಟರಿನಂಥ ಹೊರೆಗೆ. ಪಂಪನ್ನು ನೇರ ಅದಕ್ಕೆ ಕೊಟ್ಟರೆ ಕೆಲವು ವಾರ ಓಡಿ, ಒಂದು ದಿನ ಒಳಗಿನ ಕಾಂಟ್ಯಾಕ್ಟು ಬೆಸೆದುಕೊಳ್ಳುತ್ತದೆ. ಬೆಸೆದುಕೊಂಡ ಮೇಲೆ ಫೋನಿನಲ್ಲಿ 'ಆಫ್' ಎಂದು ತೋರಿಸುತ್ತಲೇ ಪಂಪು ಓಡುತ್ತಿರುತ್ತದೆ. ರಿಲೇ ಓಡಿಸಬೇಕಾದ್ದು ಮೋಟಾರಿಗೆಂದೇ ಇರುವ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚಿನ ಕಾಯಿಲನ್ನು, ಪಂಪಿನ ಕರೆಂಟು ಹೋಗಬೇಕಾದ್ದು ಕಾಂಟ್ಯಾಕ್ಟರಿನ ಮೂಲಕ. ಕಾಯಿಲಿಗೆ ಅಡ್ಡಲಾಗಿ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೊಫ್ಯಾರಡ್ ಎಕ್ಸ್2 ಕೆಪಾಸಿಟರ್ ಸಾಲಿನಲ್ಲಿ ಹಾಕಿದರೆ ಪಂಪು ನಿಂತಾಗಲೆಲ್ಲ ಬೋರ್ಡು ರೀಸೆಟ್ ಆಗುವ ತೊಂದರೆಯೂ ಕಡಿಮೆಯಾಗುತ್ತದೆ. ಇಎಸ್‌ಪಿ8266 ಬೋರ್ಡು ಬಳಸುವವರು ಡಿ3, ಡಿ4, ಡಿ8 ಕಾಲುಗಳಿಗೆ ರಿಲೇ ಕೊಡಬಾರದು. ಬೋರ್ಡು ಏಳುವಾಗ ಅವುಗಳಿಗೆ ಬೇರೆ ಕೆಲಸವಿದೆ, ಕರೆಂಟು ಬಂದಾಗಲೆಲ್ಲ ಪಂಪು ಒಮ್ಮೆ ಜಗ್ಗುವುದು ಅದರಿಂದ. ಡಿ1, ಡಿ2 ಸುರಕ್ಷಿತ.

ಪ್ರೋಗ್ರಾಮಿನಲ್ಲಿ ಮೂರು ನಿಯಮ ಇರಲೇಬೇಕು. ಟ್ಯಾಂಕಿ ತುಂಬಲು 25 ನಿಮಿಷ ಬೇಕಾದರೆ, ಸೆನ್ಸರು ಏನೇ ಹೇಳಲಿ, 35 ನಿಮಿಷಕ್ಕೆ ಪಂಪು ನಿಲ್ಲಬೇಕು. ಕರೆಂಟು ಹೋಗಿ ಬಂದರೆ ಪಂಪು ಬಂದ್ ಸ್ಥಿತಿಯಲ್ಲೇ ಏಳಬೇಕು. ಇಂಟರ್‌ನೆಟ್ ಇಲ್ಲದಿದ್ದರೂ ಇವೆರಡು ನಡೆಯಬೇಕು. ದೂರದ ಸರ್ವರಿನ ಮಾತು ಕೇಳಿ ಪಂಪು ಓಡಿಸುವ ಏರ್ಪಾಡು ಸಿಡಿಲಿಗೆ ಕೇಬಲು ಹೋದ ಸಂಜೆ ಕೈಕೊಡುತ್ತದೆ. 230 ವೋಲ್ಟಿನ ಭಾಗವನ್ನು ಲೈಸೆನ್ಸಿರುವ ವಯರ್‌ಮನ್ನರಿಂದಲೇ ಮಾಡಿಸಿ. ಕರೆಂಟು ಸೋರಿದೊಡನೆ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಪದೇಪದೇ ಬೀಳುತ್ತದೆಂದು ಪಂಪಿನ ಅರ್ಥ್ ತಂತಿ ಬಿಚ್ಚಿಡುವವರು ನಮ್ಮ ಊರುಗಳಲ್ಲಿ ಇದ್ದಾರೆ. ಅದು ಬೀಳುವುದು ಪಂಪಿನ ಇನ್ಸುಲೇಷನ್ನಿನಲ್ಲಿ ಸೋರಿಕೆ ಇರುವುದರಿಂದ. ಒದ್ದೆ ಬಾವಿಕಟ್ಟೆಯಲ್ಲಿ ನಿಂತು ಆ ಪೈಪು ಮುಟ್ಟುವವರು ಮನೆಯ ಹೆಂಗಸರು, ಮಕ್ಕಳು. ದಯವಿಟ್ಟು ಬಿಚ್ಚಬೇಡಿ.

ಪಂಪು ನೀರಿಲ್ಲದೆ ಓಡಿದರೆ ಮೊದಲು ಸುಡುವುದು ಮೆಕ್ಯಾನಿಕಲ್ ಸೀಲು. ಮೇಲೆ ಕೂರಿಸಿದ ಮೊನೋಬ್ಲಾಕ್ ಪಂಪು ಆರೇಳು ಮೀಟರಿಗಿಂತ ಆಳದಿಂದ ನೀರು ಹೀರಲಾರದು. ಹೀರುವ ಪೈಪಿನ ತುದಿಯ ಫುಟ್‌ವಾಲ್ವು ನೀರಿನಲ್ಲೇ ಮುಳುಗಿದ್ದರೂ ಎಪ್ರಿಲಿನಲ್ಲಿ ಪಂಪು 'ಹಿಡಿಯುವುದಿಲ್ಲ' ಎಂದರೆ ಇದೇ ಕಾರಣವಿರಬಹುದು, ಪಂಪನ್ನೇ ಬಾವಿಯೊಳಗಿನ ಮೆಟ್ಟಿಲಿಗೆ ಇಳಿಸಬೇಕು. ಪಂಪು ನೀರಿಲ್ಲದೆ ಓಡುವುದನ್ನು ಪತ್ತೆಹಚ್ಚಲು ಕಾಸು ಖರ್ಚಿಲ್ಲದ ಒಂದು ದಾರಿ ಮನೆಯ ಕರೆಂಟು ಮೀಟರಿನಲ್ಲೇ ಇದೆ. ಮೀಟರಿನ ಮುಖದಲ್ಲಿ ಮಿನುಗುವ ಕೆಂಪು ದೀಪದ ಪಕ್ಕ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ. 3200 ಎಂದಿದ್ದರೆ ಒಂದು ಮಿನುಗು 1125 ಜೂಲ್; ಅಂದರೆ 1125ನ್ನು ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ ಭಾಗಿಸಿದರೆ ಆ ಕ್ಷಣದ ವ್ಯಾಟ್ ಸಿಗುತ್ತದೆ. ಮನೆಯ ಉಳಿದೆಲ್ಲ ಸ್ವಿಚ್ಚು ಆರಿಸಿ, ಪಂಪು ಮಾತ್ರ ಓಡಿಸಿ, ಗಡಿಯಾರ ಹಿಡಿದು ಇಪ್ಪತ್ತು ಮಿನುಗು ಎಣಿಸಿ. ಇಪ್ಪತ್ತು ಸೆಕೆಂಡು ಹಿಡಿದರೆ 1125 ವ್ಯಾಟ್. ಪಂಪು ಗಾಳಿ ಎಳೆಯತೊಡಗಿದರೆ ಹೊರೆ ಇಳಿದು ಮಿನುಗು ನಿಧಾನವಾಗುವುದು ಕಣ್ಣಿಗೇ ಕಾಣುತ್ತದೆ. ಬೆಳಕು ಗ್ರಹಿಸುವ ಎಲ್‌ಡಿಆರ್ ಒಂದನ್ನು ಕಪ್ಪು ಟೇಪಿನಲ್ಲಿ ಆ ದೀಪದ ಮೇಲೆ ಹೊರಗಿನಿಂದ ಅಂಟಿಸಿದರೆ ಬೋರ್ಡೇ ಎಣಿಸುತ್ತದೆ. ಮೀಟರಿನ ಸೀಲು ಮುಟ್ಟುವಂತಿಲ್ಲ, ಮುಟ್ಟಬೇಕಾಗಿಯೂ ಇಲ್ಲ. ಸಾವಿರ ಲೀಟರ್ ಎತ್ತಲು ಎಷ್ಟು ಯೂನಿಟ್ ಎಂದು ತಿಂಗಳಿಗೊಮ್ಮೆ ಬರೆದಿಟ್ಟರೆ ಬಾವಿ ಇಳಿದಂತೆ ಆ ಅಂಕೆ ಏರುವುದು ಕಾಣುತ್ತದೆ. ಬಾವಿಯ ಮಟ್ಟ ಅಷ್ಟೇ ಇದ್ದೂ ಅಂಕೆ ಏರಿದರೆ ಇಂಪೆಲ್ಲರ್ ಸವೆದಿದೆ ಅಥವಾ ಫುಟ್‌ವಾಲ್ವಿನ ಜಾಲರಿಗೆ ಕಸ ಕಟ್ಟಿದೆ. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿಗಾಗಿ ಕಾಯಬೇಕಾಗಿಲ್ಲ.

ತೋಟದ ವಾಲ್ವಿನ ವಿಷಯದಲ್ಲಿ ಹಣ ಕಳೆದುಕೊಳ್ಳುವುದು ಹೀಗೆ: ನೀರಾವರಿಯ ಸೊಲೆನಾಯ್ಡ್ ವಾಲ್ವು ನೀರಿನ ಒತ್ತಡದ ಸಹಾಯದಿಂದಲೇ ತೆರೆದು ಮುಚ್ಚುವಂಥದ್ದು. 10 ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ. 3 ಮೀಟರ್ ಎತ್ತರದ ಟ್ಯಾಂಕಿಯಿಂದ ಸಿಗುವ 0.3 ಬಾರಿಗೆ ಅದು ಪೂರ್ತಿ ತೆರೆಯುವುದೂ ಇಲ್ಲ, ಪೂರ್ತಿ ಮುಚ್ಚುವುದೂ ಇಲ್ಲ. ಟ್ಯಾಂಕಿಯಿಂದ ತಾನಾಗಿ ಹರಿಯುವ ನೀರಿಗೆ 12 ವೋಲ್ಟಿನ ಮೋಟಾರು ಬಾಲ್ ವಾಲ್ವು ಕೊಳ್ಳಬೇಕು. ತೆರೆಯಲು ಕೆಲವು ಸೆಕೆಂಡು ಹಿಡಿಯುತ್ತದೆ, ತೆರೆದ ಮೇಲೆ ಕರೆಂಟು ತಿನ್ನುವುದಿಲ್ಲ. ಪಂಪಿನಿಂದ ನೇರ ಬಿಡುವವರು ಮುಂದಿನ ವಾಲ್ವು ತೆರೆದ ಮೇಲೆಯೇ ಹಿಂದಿನದನ್ನು ಮುಚ್ಚುವಂತೆ ಪ್ರೋಗ್ರಾಂ ಬರೆಯಬೇಕು, ಇಲ್ಲವಾದರೆ ಪೈಪಿನ ಜೋಡಣೆ ಹಾರುತ್ತದೆ. ಮರಕ್ಕೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರು ಇಟ್ಟರೆ ಎರಡರಿಂದ ಎರಡೂವರೆ ಗಂಟೆಯಲ್ಲಿ ದಿನದ ಪಾಲು ಮುಗಿಯುತ್ತದೆ.

ಮುರಕಲ್ಲಿನ ನೀರಿನ ಕಬ್ಬಿಣದಂಶ ಡ್ರಿಪ್ಪರುಗಳ ದೊಡ್ಡ ಶತ್ರು. ನೀರು ಬಾವಿಯಿಂದ ಬರುವಾಗ ತಿಳಿಯಾಗಿಯೇ ಇರುತ್ತದೆ, 120 ಮೆಶ್ ಫಿಲ್ಟರನ್ನೂ ದಾಟುತ್ತದೆ. ಗಾಳಿ ತಾಗಿದ ಮೇಲೆ ಕಬ್ಬಿಣ ಗಟ್ಟಿಯಾಗಿ, ಡ್ರಿಪ್ಪರಿನ ತೂತಿನಲ್ಲೇ ಕಿತ್ತಳೆ ಬಣ್ಣದ ಲೋಳೆಯಾಗಿ ಕೂರುತ್ತದೆ. ಫಿಲ್ಟರು ಬದಲಿಸಿ ಪ್ರಯೋಜನವಿಲ್ಲ. ನೀರನ್ನು ತೆರೆದ ತೊಟ್ಟಿಗೆ ಎತ್ತರದಿಂದ ಬೀಳಿಸಿ, ಒಂದು ರಾತ್ರಿ ನಿಲ್ಲಿಸಿ, ತಳದಿಂದ 15 ಸೆಂ.ಮೀ. ಮೇಲಿನ ಕೊಳವೆಯಿಂದ ತೋಟಕ್ಕೆ ಬಿಟ್ಟರೆ ಹೆಚ್ಚಿನ ಕಬ್ಬಿಣ ತೊಟ್ಟಿಯ ತಳದಲ್ಲೇ ಉಳಿಯುತ್ತದೆ. ವಾರಕ್ಕೊಮ್ಮೆ ಪೈಪುಗಳ ತುದಿ ಬಿಚ್ಚಿ ನೀರು ತಿಳಿಯಾಗುವವರೆಗೆ ಹರಿಸಬೇಕು.

ಮಣ್ಣಿನ ತೇವ ನೋಡುವ ಸೆನ್ಸರಿನಲ್ಲಿ ಎರಡು ಲೋಹದ ಕಾಲಿನದ್ದು ಬೇಡ, ಬೇಗ ತಿಂದುಹೋಗುತ್ತದೆ. ಕೆಪಾಸಿಟಿವ್ ಎಂಬುದನ್ನು ಕೊಂಡು, ಬೋರ್ಡಿನ ಅಂಚುಗಳಿಗೂ ಮೇಲಿನ ಚಿಪ್ಪುಗಳಿಗೂ ಉಗುರಿನ ಬಣ್ಣ ಎರಡು ಕೋಟು ಹಚ್ಚಿ, ಮರದ ಬುಡದಿಂದ ಒಂದು ಮೀಟರಿನೊಳಗೆ ಹೂಳಿ. ಹೆಚ್ಚಿನ ಬೇರು ಇರುವುದು ಅಲ್ಲೇ. ಜಲ್ಲಿಯಂಥ ಮುರಮಣ್ಣಿನಲ್ಲಿ ಸೆನ್ಸರಿನ ಸುತ್ತ ಗಾಳಿ ಉಳಿದು ಸುಳ್ಳು ಹೇಳುತ್ತದೆ. ಜರಡಿ ಹಿಡಿದ ಮಣ್ಣನ್ನು ಕಲಸಿ ಸುತ್ತ ಒತ್ತಬೇಕು.

ಪೆಟ್ಟಿಗೆಯ ಬಗ್ಗೆ ಯಾರೂ ಬರೆಯುವುದಿಲ್ಲ, ಕೆಡುವುದು ಮಾತ್ರ ಅಲ್ಲಿಂದಲೇ. ಕೇಬಲುಗಳು ಪೆಟ್ಟಿಗೆಯ ಅಡಿಯಿಂದಲೇ, ಗ್ಲ್ಯಾಂಡಿನ ಮೂಲಕ ಒಳಬರಲಿ, ಬರುವ ಮೊದಲು ಸ್ವಲ್ಪ ಕೆಳಗೆ ಜೋತುಬೀಳಲಿ. ಹರಿದುಬರುವ ಮಳೆನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ. ಬಿಟ್ಟ ಪ್ರತಿ ತೂತನ್ನೂ ಸಿಲಿಕೋನಿನಿಂದ ಮುಚ್ಚಬೇಕು, ಇರುವೆ ಮತ್ತು ಹಲ್ಲಿ ಬೆಚ್ಚನೆಯ ಪೆಟ್ಟಿಗೆಯನ್ನು ಹುಡುಕಿಕೊಂಡೇ ಬರುತ್ತವೆ. ಬಿಸಿಲಿಗೆ ಒಡ್ಡಿದ ತಗಡಿನ ಪೆಟ್ಟಿಗೆಯಲ್ಲಿ ಲಿಥಿಯಂ ಬ್ಯಾಟರಿ ಇಡಬೇಡಿ. 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಮಾಡಿದರೆ ಅದು ಕೆಡುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸೆಕೆಯನ್ನು ಹೆಚ್ಚು ತಾಳುತ್ತದೆ, ಆದರೆ ಅದಕ್ಕೆ ಟಿಪಿ4056 ಚಾರ್ಜರು ಹಾಕಬಾರದು. ಆ ಚಾರ್ಜರಿನ 4.2 ವೋಲ್ಟು ಅದಕ್ಕೆ ಹೆಚ್ಚಾಗುತ್ತದೆ.

ಎಪ್ರಿಲ್-ಮೇ ತಿಂಗಳ ಸಂಜೆಯ ಸಿಡಿಲನ್ನು ಮರೆತು ಮಾಡಿದ ಕೆಲಸ ಒಂದೇ ದಿನದಲ್ಲಿ ಹೋಗುತ್ತದೆ. ಬಾವಿಯಿಂದ ಮನೆಗೆ ಎಳೆದ ಉದ್ದನೆಯ ತಾಮ್ರದ ತಂತಿ, ಹತ್ತಿರ ಬಿದ್ದ ಸಿಡಿಲಿನ ವೋಲ್ಟನ್ನು ಮನೆಯೊಳಕ್ಕೆ ತರುತ್ತದೆ. ಬಾವಿಯ ಬಳಿ ಬ್ಯಾಟರಿ ಮತ್ತು ಸಣ್ಣ ಸೋಲಾರ್ ಫಲಕದಲ್ಲಿ ಓಡುವ ಪೆಟ್ಟಿಗೆ ಬೇರೆ, ಮನೆಯಲ್ಲಿ ಬೇರೆ, ನಡುವೆ ರೇಡಿಯೊ ಎಂಬಂತೆ ಮಾಡಿದರೆ ಆ ಅಪಾಯ ಬಹಳ ತಗ್ಗುತ್ತದೆ. ತೋಟ ದೊಡ್ಡದಿದ್ದರೆ ವೈಫೈ ಎಲೆಗಳ ನಡುವೆ ಸೋತುಹೋಗುತ್ತದೆ. ಲೋರಾ ಎಂಬ ರೇಡಿಯೊ ಸಾಕಷ್ಟು ದೂರ ಹೋಗುತ್ತದೆ. ಕೊಳ್ಳುವಾಗ 865ರಿಂದ 868 ಮೆಗಾಹರ್ಟ್ಸ್‌ನಲ್ಲಿ ಓಡುವುದನ್ನೇ ಕೇಳಿ, ನಮ್ಮ ದೇಶದಲ್ಲಿ ಲೈಸೆನ್ಸಿಲ್ಲದೆ ಬಳಸಬಹುದಾದ ತರಂಗಪಟ್ಟಿ ಅದು. 915ರದ್ದು ಇಲ್ಲಿಗಲ್ಲ. ಆಂಟೆನಾ ಕೂರಿಸದೆ ಕರೆಂಟು ಕೊಡಬೇಡಿ, ಮಾಡ್ಯೂಲ್ ಸುಡುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಹತ್ತಿರದ ಸಿಡಿಲಿನ ಸೂಚನೆ ಕೊಡುತ್ತದೆ. ಗುಡುಗು ಕೇಳತೊಡಗಿದ ಮೇಲೆ ಪ್ಲಗ್ಗು ತೆಗೆಯುವುದೂ ಬೇಡ, ಅದಕ್ಕೆ ಮೊದಲೇ ತೆಗೆದಿಟ್ಟಿರಬೇಕು. ಬಾವಿಕಟ್ಟೆಯ ಹತ್ತಿರವಂತೂ ಹೋಗಲೇಬಾರದು.

ಇಷ್ಟನ್ನು ಬರೆದದ್ದು ಒಂದು ಬೇಡಿಕೆಗಾಗಿ. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ದೊಡ್ಡ ಚಿತ್ರಕ್ಕೆ ಅದು ಸಾಕು. ಮುರಕಲ್ಲಿನ ನೆಲದಲ್ಲಿ ಒಂದು ಗುಡ್ಡದ ಈ ಬದಿಯ ಬಾವಿಗೂ ಆ ಬದಿಯ ಬಾವಿಗೂ ಸಂಬಂಧವಿರುವುದಿಲ್ಲ, ಏತಡ್ಕದಂಥ ಕಡೆ ತೋಡಿಗೆ ಕಟ್ಟ, ಅಂದರೆ ನೀರು ತಡೆಯುವ ಒಡ್ಡು, ಕಟ್ಟಿದ ಜಾಗದ ಬಾವಿಯೂ ಕಟ್ಟವಿಲ್ಲದ ಜಾಗದ ಬಾವಿಯೂ ಬೇರೆಬೇರೆ ವೇಗದಲ್ಲಿ ಇಳಿಯುತ್ತವೆ. ಕಟ್ಟ ಎಷ್ಟು ಸೆಂಟಿಮೀಟರ್ ಉಳಿಸಿತು, ಮಳೆನೀರು ನಿಲ್ಲುವ ಮದಕದ ಹೂಳು ತೆಗೆದದ್ದರಿಂದ ಕೆಳಗಿನ ಬಾವಿಗೆ ಎಷ್ಟು ವಾರ ಹೆಚ್ಚು ನೀರು ಬಂತು ಎಂಬುದನ್ನು ವಾರಕ್ಕೊಮ್ಮೆ ಅಳೆದ ಹತ್ತಾರು ಬಾವಿಗಳ ಅಂಕೆ ಮಾತ್ರ ಹೇಳಬಲ್ಲದು. ಪಂಚಾಯತಿನ ಯೋಜನಾ ಸಭೆಯಲ್ಲಿ ಕಟ್ಟಕ್ಕೆ ಹಣ ಕೇಳುವವರ ಕೈಯಲ್ಲಿ ಅಂಥ ಕಾಗದವೊಂದು ಇದ್ದರೆ ಮಾತಿಗೆ ತೂಕ ಬರುತ್ತದೆ.

ಆದ್ದರಿಂದ ಫೆಬ್ರವರಿ ಮೊದಲ ವಾರದಿಂದ ಜೂನ್ ಮಧ್ಯದವರೆಗೆ ಪ್ರತಿ ಭಾನುವಾರ ಅರ್ಧ ಕಾಲಂ ಜಾಗವನ್ನು ಓದುಗರ ಬಾವಿಮಟ್ಟಕ್ಕೆ ಬಿಟ್ಟುಕೊಡಬೇಕೆಂದು ಕೋರುತ್ತೇವೆ. ಮನೆಯ ಹೆಸರು, ಫೋನ್ ನಂಬ್ರ ಬೇಡ, ಊರಿನ ಹೆಸರು ಸಾಕು. ಬಾವಿಯ ಅಗಲ, ಕಟ್ಟೆಯ ಗುರುತಿನಿಂದ ನೀರಿಗೆ ಎಷ್ಟು, ತಳಕ್ಕೆ ಎಷ್ಟು, ಹತ್ತಿರ ಕಟ್ಟ, ಮದಕ ಅಥವಾ ಕೊಳವೆಬಾವಿ ಇದೆಯೇ ಎಂಬುದನ್ನು ಮೊದಲ ಸಲ ಬರೆದು ಕಳಿಸಿದರೆ ಮುಂದೆ ವಾರಕ್ಕೊಂದೇ ಅಂಕೆ. ಅಳೆಯುವ ದಿನ ಎಲ್ಲರಿಗೂ ಶುಕ್ರವಾರ ಬೆಳಿಗ್ಗೆ, ಪಂಪು ಹಾಕುವ ಮೊದಲು ಎಂದು ನಿಗದಿಮಾಡಬಹುದು. ಟೇಪಿನಲ್ಲಿ ಅಳೆದದ್ದೋ ಸೆನ್ಸರಿನದ್ದೋ ಎಂದು ಪಕ್ಕದಲ್ಲಿ ಒಂದಕ್ಷರ ಹಾಕಿ. ಸೆನ್ಸರಿನವರು ತಿಂಗಳಿಗೊಮ್ಮೆ ಟೇಪಿನಿಂದ ಪರೀಕ್ಷಿಸಿದ ಅಂಕೆಯನ್ನೂ ಕಳಿಸಲಿ. ಕಣ್ಣಂದಾಜಿನ ಅಂಕೆ ಬಂದರೆ ಪ್ರಕಟಿಸಬೇಡಿ.

ಇಂತಿ,
ಕೆಲವು ಓದುಗರು, ಪೆರ್ಲ, ಕಾಸರಗೋಡು ಜಿಲ್ಲೆ